ಹಳದಿ ಗುರುತು ಹಿಡಿದು ಹೋದದ್ದು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನೆಲಕ್ಕೆ ಬಳಿದ ಹಳದಿ ಗೆರೆಗಳ ನಡುವೆಯೇ ನಡೆಯಬೇಕು. ಆಚೆ ಕಾಲಿಟ್ಟರೆ ಬೈಗುಳ. ಆ ಹಾಳು ಅಭ್ಯಾಸವೇ ನಮ್ಮನ್ನು ಮಡಿಕೇರಿಯ ಬೆಟ್ಟದಲ್ಲಿ ಕೆಡಿಸಿತು.

ಆಯುಧಪೂಜೆಯ ರಜೆಗೆ ಚಾರಣಕ್ಕೆ ಹೋಗಿದ್ದ ನಾವು ಮೂವರು, ಕಾಲುದಾರಿ ಕವಲೊಡೆದಲ್ಲಿ ಮರಗಳ ಮೇಲಿನ ಹಳದಿ ಗುರುತು ಹಿಡಿದು ಹೊರಟೆವು. ನೀರು ಮುಗಿಯಿತು, ಮಂಜು ಕವಿಯಿತು. ಎಷ್ಟು ಕೂಗಿದರೂ ಯಾರೂ ಓಗೊಡಲಿಲ್ಲ.

“ಇಲ್ಲೇ ಸತ್ತೋಗ್ತೀವಿ ಕಣೋ ಮಗಾ,” ಎಂದು ಗೆಳೆಯನೊಬ್ಬ ಅತ್ತೇಬಿಟ್ಟ. ಆದರೂ ಗುರುತು ಬಿಟ್ಟು ಅತ್ತಿತ್ತ ಹೋಗುವ ಧೈರ್ಯ ಯಾರಿಗೂ ಬರಲಿಲ್ಲ.

ಕೊನೆಗೆ ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. “ಅಯ್ಯೋ, ಅದು ದಾರಿ ಅಲ್ಲಣ್ಣ! ಕಡಿಯೋ ಮರಕ್ಕೆ ಹಾಕಿರೋ ಗುರುತು,” ಎಂದು ಅವಳೇ ರಸ್ತೆ ಮುಟ್ಟಿಸಿದಳು.

ರಜೆ ಮುಗಿಸಿ ಕೆಲಸಕ್ಕೆ ಹೋದರೆ, ಪೂಜೆಗೆಂದು ಹೊಸದಾಗಿ ಬಳಿದ ಹಳದಿ ಗೆರೆಗಳು ಬಾಗಿಲಿನಿಂದ ನನ್ನ ಯಂತ್ರದವರೆಗೂ ಹೊಳೆಯುತ್ತಿದ್ದವು. ಕಾಲು ಮುಂದೆ ಹೋಗಲಿಲ್ಲ. ಹಿಂದಿದ್ದವರು ತಳ್ಳಿದರು.