ಉಳ್ಳಾಗಡ್ಡಿಯ ಪೊರೆ ಮತ್ತು ಅಜ್ಜಿಯ ಚಹಾ

ಕಾಲೇಜು ಸೇರುವವರೆಗೆ ನಾನು ಉಳ್ಳಾಗಡ್ಡಿಯನ್ನು ಕೈಯಿಂದ ಮುಟ್ಟಿದವಳಲ್ಲ. ನಮ್ಮದು ಇಚಲಕರಂಜಿಯ ಜೈನರ ಮನೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಮೂರೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ನೆಲದೊಳಗಿನ ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ಇರುತ್ತವೆ ಎಂದು ಅಜ್ಜಿ ಹೇಳುತ್ತಿದ್ದಳು, ನಾವು ಹೂಂಗುಟ್ಟಿ ಹೀರೇಕಾಯಿ ತಿನ್ನುತ್ತಿದ್ದೆವು. ಪೇಟೆಯಲ್ಲಿ ಉಳ್ಳಾಗಡ್ಡಿಯ ಗುಡ್ಡೆಗಳನ್ನು ನೋಡಿದ್ದೆನೇನೋ ನಿಜ. ಆನೆಯನ್ನೂ ನೋಡಿದ್ದೆ. ನೋಡಿದ ಮಾತ್ರಕ್ಕೆ ಒಳಗೆ ಹೇಗಿದೆ ಎಂದು ಯಾರಿಗೆ ಗೊತ್ತಾಗುತ್ತದೆ?

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಅಪ್ಪನಿಗೆ ನೂಲಿನ ವ್ಯಾಪಾರ ಇತ್ತು. ನನ್ನ ಹಟಕ್ಕೆ ಸೋತು ನನ್ನನ್ನು ಕೊಲ್ಲಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟು ವಿಜ್ಞಾನಕ್ಕೆ ಸೇರಿಸಿದ್ದ. ಸಸ್ಯಶಾಸ್ತ್ರದ ಮೊದಲ ಪ್ರಾಕ್ಟಿಕಲ್ಲಿನ ದಿನ ಮೇಷ್ಟ್ರು ಎಲ್ಲರ ಮುಂದೆ ಒಂದೊಂದು ಉಳ್ಳಾಗಡ್ಡಿ ಇಟ್ಟು, ತೆಳುವಾದ ಪೊರೆ ಸುಲಿದು ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡಿರಿ ಎಂದು ಹೇಳಿ ಆಚೆಗೆ ಹೋದರು.

ನಾನು ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಯೋಚಿಸಿದೆ. ಬಾಳೆಹಣ್ಣು ಸುಲಿದರೆ ಒಳಗೆ ಹಣ್ಣು ಇರುತ್ತದೆ. ಶೇಂಗಾ ಸುಲಿದರೆ ಒಳಗೆ ಕಾಳು ಇರುತ್ತದೆ. ಹಾಗೆಯೇ ಇದರ ಒಳಗೂ ಏನೋ ಇರಬೇಕು, ಅದರ ಮೇಲೆಯೇ ಆ ಪೊರೆ ಇರಬೇಕು. ಸುಲಿಯತೊಡಗಿದೆ. ಕಾಗದದಂಥ ಸಿಪ್ಪೆ ಹೋಯಿತು, ಕೆಳಗೆ ಇನ್ನೊಂದು ಸಿಪ್ಪೆ, ದಪ್ಪದ್ದು. ಅದನ್ನೂ ತೆಗೆದೆ. ಅದರ ಕೆಳಗೆ ಮತ್ತೊಂದು. ಕಣ್ಣಿಂದ ನೀರು ದಳದಳ ಇಳಿಯತೊಡಗಿತು. ನನಗೆ ಏನೋ ದೊಡ್ಡ ರೋಗ ಬಂತೆಂದು ಗಾಬರಿಯಾದರೂ ಬಿಡಲಿಲ್ಲ. ಕಡೆಗೆ ಹಸಿರು ಮೊಳಕೆಯೊಂದು ಉಳಿಯಿತು. ಅದನ್ನು ಸೀಳಿದೆ. ಒಳಗೆ ಏನೂ ಇರಲಿಲ್ಲ.

ಮೇಷ್ಟ್ರು ಬಂದು ನನ್ನ ಮೇಜು ನೋಡಿದರು. "ಅಗ, ಕಾಂದಾ ಕುಠೇ ಗೇಲಾ?" ಎಂದು ಮರಾಠಿಯಲ್ಲಿ ಉಳ್ಳಾಗಡ್ಡಿ ಎಲ್ಲಿ ಹೋಯಿತೆಂದು ಕೇಳಿದರು.

"ಸರ್, ನನಗ ಪೊಳ್ಳ ಉಳ್ಳಾಗಡ್ಡಿ ಬಂದೈತ್ರಿ" ಎಂದೆ ಅಳುತ್ತ. ಮರಾಠಿಯಲ್ಲಿ ಹೇಳಬೇಕೆಂಬ ಎಚ್ಚರವೂ ಇರಲಿಲ್ಲ.

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಮಾತ್ರ ನಗದೆ ಇನ್ನೊಂದು ಉಳ್ಳಾಗಡ್ಡಿ ತಂದುಕೊಟ್ಟರು. ದಪ್ಪ ಪದರವನ್ನು ಮುರಿದರೆ ಅದರ ಒಳಮೈಗೆ ಅಂಟಿಕೊಂಡ ಗಾಜಿನಂಥ ಪೊರೆ ಏಳುತ್ತದೆ, ಅದನ್ನು ಚಿಮಟದಿಂದ ಎತ್ತಬೇಕು ಎಂದು ಹೇಳಿಕೊಟ್ಟರು. ಎತ್ತಿದೆ, ಹರಿಯಿತು. ಮತ್ತೆ ಎತ್ತಿದೆ, ಸುರುಳಿ ಸುತ್ತಿಕೊಂಡಿತು. ಹೇಗೋ ಒಂದು ಚೂರನ್ನು ಗಾಜಿನ ಮೇಲೆ ನೀರಿನ ಹನಿಯಲ್ಲಿಟ್ಟು ಮುಚ್ಚಿ, ಕಣ್ಣಿಟ್ಟು ನೋಡಿದರೆ ದುಂಡಗೆ, ಕಪ್ಪು ಅಂಚಿನ ಸುಂದರವಾದ ವಸ್ತುವೊಂದು ಕಾಣಿಸಿತು. ಇದೇ ಕೋಶಕೇಂದ್ರ ಎಂದು ಭಕ್ತಿಯಿಂದ ಅದರ ಚಿತ್ರ ಬರೆದೆ. ಅದು ಗಾಳಿಯ ಗುಳ್ಳೆಯಾಗಿತ್ತು. ಆ ಸಲದ ಪರೀಕ್ಷೆಯಲ್ಲಿ ನನಗೆ ಸೊನ್ನೆ.

ದೀಪಾವಳಿಯ ರಜೆಗೆ ಹಾತಕಣಂಗಲೆಯವರೆಗೆ ರೈಲಿನಲ್ಲಿ, ಅಲ್ಲಿಂದ ಟಾಂಗಾದಲ್ಲಿ ಮನೆಗೆ ಬಂದೆ. ಸೊನ್ನೆಯ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು, ಚಿಕ್ಕಮ್ಮನಿಂದ. ಅಪ್ಪ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ನೋಡವಾ, ವರ್ಷದ ಪರೀಕ್ಷಾದಾಗ ಪಾಸಾದಿ ಅಂದ್ರ ಓದು, ನಾ ಬ್ಯಾಡ ಅನ್ನೂದಿಲ್ಲ. ನಪಾಸಾದಿ ಅಂದ್ರ ಗಡಹಿಂಗ್ಲಜದವರಿಗೆ ಹೂಂ ಅಂದು ಬಿಡತೇನಿ."

ಗಡಹಿಂಗ್ಲಜದವರು ಎಂದರೆ ಬೆಲ್ಲದ ವ್ಯಾಪಾರಿಗಳು. ವರನನ್ನು ನಾನು ನೋಡಿರಲಿಲ್ಲ. ಅವರು ಸ್ನೇಹಕ್ಕೆಂದು ಕಳಿಸುತ್ತಿದ್ದ ಬೆಲ್ಲ ನೋಡಿದ್ದೆ. ಬೆಲ್ಲ ಒಳ್ಳೆಯದಿತ್ತು, ಅವನ ಬಗ್ಗೆ ಇವತ್ತಿಗೂ ನಾನು ಹೇಳಬಲ್ಲದ್ದು ಅಷ್ಟೇ. ಆದರೆ ನನಗೆ ಬೆಲ್ಲ ಬೇಕಿರಲಿಲ್ಲ, ಓದಬೇಕಿತ್ತು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಒಂದು ಹನಿ ನೀರಿನೊಳಗೆ ನಾನು ಕಾಣದ ಏನೋ ಇದೆ, ಅದನ್ನು ನೋಡದೆ ಹೋಗಬೇಕಲ್ಲ ಎಂದಷ್ಟೇ ಅನ್ನಿಸುತ್ತಿತ್ತು.

ಪಕ್ಕದ ಮನೆಯವರು ಲಿಂಗಾಯತರು, ಕಾಳಿನ ಅಂಗಡಿ ಇಟ್ಟಿದ್ದವರು. ಅವರ ಮನೆಯಾಕೆಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಅವರ ಅಡುಗೆಮನೆಯಲ್ಲಿ ಉಳ್ಳಾಗಡ್ಡಿಗೆ ಬರವಿಲ್ಲ. ಮರುದಿನವೇ ಅವರ ಕಟ್ಟೆಯ ಮೇಲೆ ಕೂತು ಪೊರೆ ಎತ್ತುವ ಅಭ್ಯಾಸ ಶುರು ಮಾಡಿದೆ. ಕೈ ತೊಳೆದು ಮನೆಗೆ ಬಂದರೂ ಅಜ್ಜಿ ಪಡಸಾಲೆಯಲ್ಲಿ ತಡೆದಳು.

"ಕೈ ತಾ ಇಲ್ಲೆ." ಮೂಸಿದಳು. "ತಿಂದಿ ಏನ?"

"ಇಲ್ಲಜ್ಜಿ, ಬರೇ ಸುಲದೇನಿ."

"ತಿನ್ನಾಂಗಿಲ್ಲ ಅಂದ್ರ ಸುಲಿಯೂದ್ಯಾಕ?"

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಅವ್ವ ಒಲೆಯ ಮುಂದಿದ್ದಳು. ನಾನು ಅಜ್ಜಿಗೆ ಜೀವಕೋಶ ವಿವರಿಸಿದೆ. "ಆ ಪೊರಿ ಅಂದ್ರ ಬರೇ ಖೋಲಿ ಖೋಲಿ, ಅಜ್ಜಿ. ಒಂದೊಂದಕ್ಕೂ ಸುತ್ತ ಗ್ವಾಡಿ. ಗ್ವಾಡಿ ಒಳಮಗ್ಗಲ ಇನ್ನೊಂದು ತೆಳ್ಳನ್ನ ಪರದೆ ಇರತೈತಿ, ಯಾರನ್ನ ಒಳಗ ಬಿಡಬೇಕು, ಯಾರನ್ನ ಬಿಡಬಾರದು ಅಂತ ಅದು ನೋಡತೈತಿ."

"ಅದು ನಾನು" ಎಂದಳು ಅಜ್ಜಿ.

"ಒಳಗ ಜೀವರಸ. ಉಣ್ಣೂದು, ಉಸರಾಡೂದು, ಬೆಳಿಯೂದು ಎಲ್ಲಾ ಅದರಾಗ ನಡೀತೈತಿ."

"ನಿಮ್ಮವ್ವ. ಮುಂದ?"

"ನಡುವ ಒಂದು ದೊಡ್ಡ ನೀರಿನ ಚೀಲ. ಮತ್ತ ಒಂದು ಗುಂಡನ್ನ ಕೇಂದ್ರ. ಕೋಶದಾಗಿನ ಎಲ್ಲಾ ಕಾರಭಾರ ಅದರದಽ. ಆದ್ರ ನೀರಿನ ಚೀಲ ಹಿಗ್ಗಿ ಅದನ್ನ ಗ್ವಾಡಿಗೆ ಒತ್ತಿ ಕುಂಡ್ರಿಸಿರತೈತಿ."

ಅಜ್ಜಿ ತಿರುಗಿ ಅಪ್ಪನನ್ನು ನೋಡಿದಳು. ಅಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತ.

"ಮತ್ತ ಅವಕ್ಕೆಲ್ಲಾ ಜೀವ ಐತಿ?" ಎಂದು ಅಜ್ಜಿ ಕೇಳಿದಳು.

"ಐತಿ."

"ಎಷ್ಟ ಅದಾವು?"

"ಲೆಕ್ಕ ಇಲ್ಲಜ್ಜಿ."

ಇಲ್ಲಿಗೆ ನನ್ನ ಓದು ಮುಗಿಯಿತು ಎಂದುಕೊಂಡೆ. ಅಜ್ಜಿ ನನ್ನ ಕೈಯನ್ನು ಇನ್ನೊಮ್ಮೆ ಮೂಸಿದಳು. ಆಮೇಲೆ ಅವಳ ತಲೆ ನಾನು ನೆನೆಸದ ಕಡೆಗೆ ಹೊರಳಿತು.

"ಅಲ್ಲ ಪೋರಿ, ಇಷ್ಟೆಲ್ಲಾ ಜೀವಾ ಸುಲದು ಕಡೀಕ ನೀ ನಪಾಸಾದಿ ಅಂದ್ರ? ಅವೆಲ್ಲಾ ಸತ್ತದ್ದು ದಂಡ ಆತಿಲ್ಲೋ? ಪಾಸಾಗಾಕಽ ಬೇಕು ನೀನು!"

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಮ್ಮಲ್ಲಿ ನೇಮ ಹಿಡಿಯುವುದೆಂದು ಒಂದಿದೆ. ಪ್ರೀತಿಯ ಪದಾರ್ಥವನ್ನು ಇಷ್ಟು ಕಾಲ ಮುಟ್ಟುವುದಿಲ್ಲ ಎಂದು ಬಸದಿಯಲ್ಲಿ ಕೈಮುಗಿದು ಹೇಳಿ ಬಿಡುವುದು. ಹಿಡಿದ ಮೇಲೆ ಮುರಿಯುವಂತಿಲ್ಲ. ಉಳ್ಳಾಗಡ್ಡಿಯ ಪಾಪವನ್ನು ಯಾರಾದರೂ ಹೊರಬೇಕಲ್ಲ, ತಾನೇ ಹೊರುತ್ತೇನೆ ಎಂದು ಅಜ್ಜಿ ಸೆರಗು ಹೊದ್ದು ಬಸದಿಗೆ ನಡೆದಳು. ನಾನು ಪಾಸಾಗುವವರೆಗೆ ಚಹಾ ಕುಡಿಯುವುದಿಲ್ಲ ಎಂದು ನೇಮ ಹಿಡಿದು ಬಂದಳು.

ಅಜ್ಜಿಯ ಚಹಾ ಎಂದರೆ ಸಾಮಾನ್ಯವಲ್ಲ. ಸೂರ್ಯ ಮೂಡಿದ್ದೇ ತಡ ಒಂದು, ಬಸದಿಯಿಂದ ಬಂದ ಮೇಲೆ ಒಂದು, ಯಾರಾದರೂ ಬಂದರೆ ಒಂದು, ಯಾರೂ ಬರಲಿಲ್ಲವಲ್ಲ ಎಂದು ಇನ್ನೊಂದು. ನೇಮ ಹಿಡಿದ ಮಧ್ಯಾಹ್ನವೇ ಅವಳಿಗೆ ತಲೆಶೂಲೆ ಬಂತು. ಸಂಜೆಗೆ ಅವ್ವ ಮಾಡಿದ ಹೀರೇಕಾಯಿ ಕಹಿಯಾಯಿತು. ಮರುದಿನ ಅಪ್ಪನ ನಡಿಗೆ ಸರಿಯಿಲ್ಲ, ಕೆಮ್ಮು ಸರಿಯಿಲ್ಲ, ಹುಟ್ಟಿದ್ದೇ ಸರಿಯಿಲ್ಲ ಎಂದಾಯಿತು. ಅಂಥ ಹೊತ್ತಿನಲ್ಲೇ ಗಡಹಿಂಗ್ಲಜದಿಂದ ಹೊಸ ಬೆಲ್ಲ ಬಂತು. ಸಕ್ಕರೆ ಸಿಗದ ಆ ದಿನಗಳಲ್ಲಿ ಅಜ್ಜಿಯ ಚಹಾಕ್ಕೆ ಬೀಳುತ್ತಿದ್ದುದು ಅದೇ ಬೆಲ್ಲ. ಅವಳು ಅದನ್ನು ನೋಡಿ ನಿಟ್ಟುಸಿರು ಬಿಟ್ಟ ರೀತಿಗೆ ನನಗೂ ಪಾಪ ಅನ್ನಿಸಿತು.

ಒಂದು ವಾರ ಮುಗಿಯುವುದರೊಳಗೆ ಅಪ್ಪ ಸೋತ. ಒಂದು ಬೆಳಿಗ್ಗೆ ಕಪ್ಪು ಕೋಟಿನ ಕಿಸೆಯನ್ನು ಅಂಗೈಯಿಂದ ಒತ್ತಿಹಿಡಿದುಕೊಂಡು ಕಾಕುವಿನ ಕಟ್ಟೆಗೆ ಬಂದು, ಅತ್ತಿತ್ತ ನೋಡಿ, ಕರವಸ್ತ್ರದ ಗಂಟು ಬಿಚ್ಚಿದ. ಒಳಗೆ ನಾಲ್ಕು ಕೆಂಪು ಉಳ್ಳಾಗಡ್ಡಿ. ಪೇಟೆಯಲ್ಲಿ ಬಾಯಿ ಬಿಟ್ಟು ಕೇಳಿ ತಂದಿದ್ದ. "ಏನ್ರೀ ಸಾವಕಾರ್ರ, ನೀವೂ ಸುರು ಮಾಡಿದ್ರ್ಯಾ?" ಎಂದು ಮಾರುವವಳು ಸಂತೆಗೆಲ್ಲ ಕೇಳುವಂತೆ ಕೂಗಿದಳಂತೆ. ನಮ್ಮ ಓಣಿಯವರು ಅವತ್ತಿನಿಂದ ಅಪ್ಪ ಮಾತಾಡಲು ಬಂದರೆ ಬಾಯಿಯ ವಾಸನೆ ಹಿಡಿಯಲು ಒಂದಿಷ್ಟು ಮುಂದೆ ಬಗ್ಗುತ್ತಿದ್ದರು. ಅಪ್ಪ ಎಲ್ಲವನ್ನೂ ನುಂಗಿಕೊಂಡ.

"ಲಗೂ ಕಲಿ ಯವ್ವಾ, ನನ್ನ ಕೈಲಿ ಆಗವಲ್ದು" ಎಂದ. ನಪಾಸಾಗಲೆಂದು ಒಳಗೊಳಗೇ ಕಾಯುತ್ತಿದ್ದವನ ಬಾಯಲ್ಲಿ ಆ ಮಾತು ಕೇಳಿ ನನಗೆ ಬಿದ್ದು ಬಿದ್ದು ನಗಬೇಕೆನಿಸಿತು.

ಕಾಕುವಿನ ಕಟ್ಟೆಯ ಮೇಲೆ ನಾನು, ನಮ್ಮ ಕಟ್ಟೆಯ ಮೇಲೆ ಅಜ್ಜಿ. "ಜ್ವಾಕಿ! ಹರೀತದು! ಉಸರ ಹಿಡಕೊಂಡು ಎತ್ತು!" ಎಂದು ಜೀವನದಲ್ಲಿ ಉಳ್ಳಾಗಡ್ಡಿ ಮುಟ್ಟದವಳು ನನಗೆ ಪಾಠ ಮಾಡುತ್ತಿದ್ದಳು. ಸುಲಿದು ಉಳಿದದ್ದು ಕಾಕುವಿನ ಸಾರಿಗೆ ಹೋಗುತ್ತಿತ್ತು. ಕಾಕುವಿನ ಗಂಡ, ದಿನವೂ ಉಳ್ಳಾಗಡ್ಡಿಯದೇ ಸಾರು ಉಂಡು ಉಂಡು, ಈ ಹುಡುಗಿ ಯಾವಾಗ ಕೊಲ್ಲಾಪುರಕ್ಕೆ ಹೋಗುತ್ತಾಳೆ ಎಂದು ಕೇಳತೊಡಗಿದ. ರಜೆ ಮುಗಿಯುವ ಹೊತ್ತಿಗೆ ಪೊರೆ ನನ್ನ ಚಿಮಟಕ್ಕೆ ಹರಿಯದೆ, ಸುರುಳಿ ಸುತ್ತದೆ ಬರುತ್ತಿತ್ತು.

ವಾರ್ಷಿಕ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ನನಗೆ ಕೆಂಪು ಉಳ್ಳಾಗಡ್ಡಿ ಕೊಟ್ಟರು. ಪದರದ ಹೊರಮೈಯ ಬಣ್ಣದ ಪೊರೆ ಎತ್ತಿ, ಗುಳ್ಳೆಯಿಲ್ಲದೆ ಮುಚ್ಚಿ, ಕಣ್ಣಿಟ್ಟೆ. ಸಾಲುಸಾಲು ಖೋಲಿಗಳು, ಎಲ್ಲದರಲ್ಲೂ ತುಂಬಿ ನಿಂತ ಕೆಂಪು. ಅಷ್ಟು ಚೆಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರು ಅಂಚಿಗೆ ಉಪ್ಪುನೀರು ಬಿಡಲು ಹೇಳಿದರು. ಬಿಟ್ಟೆ. ಒಳಗಿನ ನೀರು ಹೊರಬಂದು ಜೀವರಸ ಕುಗ್ಗಿತು, ಗೋಡೆಯಿಂದ ಬಿಟ್ಟುಕೊಂಡು ಮಧ್ಯದಲ್ಲಿ ಮುದುಡಿ ಕೂತಿತು.

"ಸತ್ತಿದೆಯೋ, ಬದುಕಿದೆಯೋ?" ಎಂದು ಪರೀಕ್ಷಕರು ಕೇಳಿದರು.

ಚಹಾ ಇಲ್ಲದೆ ಮೂಲೆಯಲ್ಲಿ ಮುದುಡಿದ ಅಜ್ಜಿ ಕಣ್ಣೆದುರು ಬಂದಳು. "ಬದುಕಿದೆ ಸರ್" ಎಂದು ಉಪ್ಪುನೀರನ್ನು ಹೀರಿ ತೆಗೆದು ಸಾದಾ ನೀರು ಬಿಟ್ಟೆ. ಮೆಲ್ಲಗೆ ಕೆಂಪು ಹಿಗ್ಗಿತು, ಗೋಡೆ ಮುಟ್ಟಿತು. ಸತ್ತ ಕೋಶವಾದರೆ ಹೀಗೆ ಹಿಗ್ಗುವುದಿಲ್ಲ, ಪರದೆ ಜೀವಂತ ಇರುವುದರಿಂದಲೇ ನೀರನ್ನು ಹೊರಗೆ ಬಿಟ್ಟರೂ ಸಕ್ಕರೆಯನ್ನೂ ಬಣ್ಣವನ್ನೂ ಒಳಗೇ ಹಿಡಿದಿಟ್ಟುಕೊಂಡಿತ್ತು ಎಂದು ಹೇಳಿದೆ. ಅವರು ತಾವೇ ಬಗ್ಗಿ ಬಹಳ ಹೊತ್ತು ನೋಡಿದರು.

ಮೃಗಶಿರಾ ಮಳೆ ಹಿಡಿದ ದಿನ ಅಪ್ಪ ಪತ್ರಿಕೆಯನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು ಓಡುತ್ತ ಬಂದ. ಪಾಸಾದವರ ಸಾಲಿನಲ್ಲಿ ನನ್ನ ನಂಬರಿತ್ತು. ಅವ್ವ ಯಾರ ಮಾತಿಗೂ ಕಾಯದೆ ಚಹಾಕ್ಕೆ ನೀರಿಟ್ಟಳು. ಅಜ್ಜಿ ಬಸದಿಯ ಕಡೆಗೆ ಕೈಮುಗಿದು, ಬಶಿಗೆ ಸುರಿದುಕೊಂಡು, ಕಣ್ಣು ಮುಚ್ಚಿ ಮೊದಲ ಗುಟುಕು ಕುಡಿದಳು. ಬಶಿ ಖಾಲಿಯಾದ ಮೇಲೆ ನನ್ನ ಕಡೆ ನೋಡಿದಳು.

"ಓದೂದು ಇನ್ನ ಎಷ್ಟ ವರ್ಷ ಉಳದೈತಿ?"

"ಎರಡು."

ಅಪ್ಪ ತನ್ನ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಗಂಟಲು ಸರಿಮಾಡಿಕೊಂಡ. "ಗಡಹಿಂಗ್ಲಜದವರು ನಿನ್ನೆ ಮತ್ತ ಹೇಳಿ ಕಳಿಸ್ಯಾರ..."

"ಪುರಸತ್ತಿಲ್ಲ ಅಂತ ಹೇಳು" ಎಂದಳು ಅಜ್ಜಿ. "ಮತ್ತ ಕೇಳಿಲ್ಲೆ ತಮ್ಮಾ, ಇಕಿ ಇನ್ನ ಎಷ್ಟ ಜೀವಾ ಸುಲೀತಾಳೋ ಏನೋ. ನನಗ ವಯಸ್ಸಾತು, ಮತ್ತ ಹೊರಾಕ ಆಗೂದಿಲ್ಲ. ಈ ಸರತಿ ನೇಮಾ ನೀ ಹಿಡಿ."

"ನಾ ಏನ್ ಬಿಡ್ಲಿ?"

"ಕೈಯಾಗ ಏನೈತಿ, ಅದನ್ನ."

ಅಪ್ಪ ಕೈಯಲ್ಲಿದ್ದ ಕಪ್ಪನ್ನು ನೋಡಿದ. ಅದರಿಂದ ಹಬೆ ಏಳುತ್ತಿತ್ತು. ಆಗಲ್ಲ ಎಂದು ಅವನು ಒಂದು ಮಾತು ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ನನ್ನನ್ನು ನೋಡಿದ, ಮತ್ತೆ ಕಪ್ಪನ್ನು ನೋಡಿದ, ಆಮೇಲೆ ತನ್ನ ತಾಯಿಯ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ ಕೇಳಿದ:

"ಇದೊಂದು ಕುಡದು ಸುರು ಮಾಡ್ಲ್ಯಾ?"