ಅತ್ತೆಯ ಎಲೆಗೆ ಸಿಗಡಿ ಚಟ್ನಿ

ನನ್ನ ಅತ್ತೆ, ಅಂದರೆ ಗಂಡನ ತಾಯಿ, ನಡುವಯಸ್ಸಿನಲ್ಲಿ ಮೀನು ಬಿಟ್ಟವರು. ಬಿಡಲಿ, ಯಾರು ಬೇಡ ಅಂದದ್ದು? ಆದರೆ ತಾವು ಬಿಟ್ಟ ಮೇಲೆ ತಿನ್ನುವವರೆಲ್ಲ ಅವರ ಕಣ್ಣಿಗೆ ಕೀಳಾದರು. ಕಾರ್ಕಳದ ಆ ಮನೆಯಲ್ಲಿ ನನಗೆ ಗಂಜಿಗೆ ಒಣಸಿಗಡಿ ಚಟ್ನಿ ಬೇಕಾದರೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನಬೇಕು. ಅದಕ್ಕೆ ಬೇರೆಯೇ ಒಂದು ಬಟ್ಟಲು. ಉಡುಪಿಯಿಂದ ಬಂದಾಗಲೆಲ್ಲ ನಾದಿನಿ ಮೂಗಿಗೆ ಸೆರಗು ಹಿಡಿದು, "ಕಡಲ ಬದಿಯವರಲ್ವಾ, ಬುದ್ಧಿ ಎಲ್ಲಿಗೆ ಹೋಗ್ತದೆ" ಎಂದು ನಗುತ್ತಿದ್ದಳು. ನನ್ನ ಗಂಡ ಪೇಪರ್ ಓದುತ್ತಿದ್ದರು.

ಅದನ್ನೂ ನುಂಗಿಕೊಂಡೆ. ನುಂಗಲಿಕ್ಕಾಗದ್ದು ನನ್ನ ಅಮ್ಮ ಬಂದ ದಿನದ್ದು. ಪಡುಬಿದ್ರಿಯಿಂದ ಎರಡು ಬಸ್ಸು ಹತ್ತಿ, ತಾನೇ ಒಣಗಿಸಿ, ಕಸಕಡ್ಡಿ ಹೆಕ್ಕಿದ ಸಿಗಡಿಯ ಪೊಟ್ಟಣ ತಂದಿದ್ದಳು. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ ನಾಯಿಯ ತಟ್ಟೆಯ ಹತ್ತಿರ ಇಟ್ಟರು. ಅಮ್ಮ ನೋಡಿದಳು. ಚಹಾ ಮುಟ್ಟದೆ ಎದ್ದು ಹೋದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಇದಕ್ಕೆ ಉತ್ತರ ಕೊಡದೆ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ಕಾಲ ಬಂತು. ಅತ್ತೆ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದರು. ಬಾಯಿಗೆ ರುಚಿಯೇ ಇಲ್ಲ, ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ನಾದಿನಿ ಕ್ಯಾಂಟೀನಿಗೆ ಹೋದ ಹೊತ್ತಿನಲ್ಲಿ ನನ್ನ ಕೈ ಹಿಡಿದರು.

"ನಿನ್ನ ಆ ಚಟ್ನಿ ಸ್ವಲ್ಪ ತರ್ತೀಯಾ? ಯಾರಿಗೂ ಹೇಳಬೇಡ ಮಾರಾಯ್ತಿ."

ಮರುದಿನ ಕೊಂಡುಹೋದೆ. ಬೆರಳು ನೆಕ್ಕಿದರು, ಇನ್ನೂ ಬೇಕೆಂದರು. ತೀರಿಹೋಗುವವರೆಗೂ ಕದ್ದು ತಿನ್ನಿಸಿದೆ. ಅವರಿದ್ದಷ್ಟು ದಿನ ಬಾಯಿ ಬಿಡಲಿಲ್ಲ, ಆ ಮಾತು ಉಳಿಸಿದ್ದೇನೆ.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ, ಅವರನ್ನು ಉಣ್ಣಲು ಕರೆದು, ಬಾಗಿಲು ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ತೆರೆದು, ಆ ಎಲೆಯದ್ದನ್ನು ಮನೆಯವರೆಲ್ಲ ಹಂಚಿ ಉಣ್ಣಬೇಕು. ಬೇಡ ಅನ್ನುವ ಹಾಗಿಲ್ಲ.

ನಾದಿನಿ ಪತ್ರೊಡೆ, ಪಾಯಸ ಎಲ್ಲ ಬಡಿಸಿದಳು. ಕಾಪುವಿನಿಂದ ಬಂದಿದ್ದ ಗಂಡನ ದೊಡ್ಡಪ್ಪ ಕ್ರಮದಂತೆ ಕೇಳಿದರು, "ಅವಳಿಗೆ ಇಷ್ಟದ್ದು ಎಂತಾದರೂ ಬಾಕಿ ಉಂಟಾ? ಬಿಟ್ಟರೆ ತೃಪ್ತಿ ಆಗುವುದಿಲ್ಲ."

"ಒಂದುಂಟು" ಎಂದೆ. ಒಳಗಿನಿಂದ ನನ್ನ ಅದೇ ಬಟ್ಟಲು ತಂದೆ. ಸಿಗಡಿ ನನ್ನ ಅಮ್ಮನದ್ದೇ, ಅವಳೇ ಕೊಟ್ಟು ಕಳಿಸಿದ್ದು. ಎಲೆಯ ನಡುವೆ ಹಾಕಿದೆ.

"ಎಂತ ಇದು? ಅಮ್ಮ ಮುಟ್ಟುತ್ತಿರಲಿಲ್ಲ" ಎಂದು ನಾದಿನಿ ಮೂಗಿಗೆ ಸೆರಗು ಹಿಡಿದಳು.

ಎಲ್ಲರ ಎದುರು ಹೇಳಿದೆ. ಆಸ್ಪತ್ರೆ, ಬೆರಳು ನೆಕ್ಕಿದ್ದು, ಯಾರಿಗೂ ಹೇಳಬೇಡ ಅಂದದ್ದು, ಒಂದನ್ನೂ ಬಿಡಲಿಲ್ಲ. ನಾಯಿಯ ತಟ್ಟೆಯದ್ದನ್ನೂ ಸೇರಿಸಿದೆ. ಗಂಡ ನೆಲ ನೋಡಿದರು. ದೊಡ್ಡಪ್ಪ, "ಹಾಗಾದರೆ ಇರಬೇಕಾದದ್ದೇ" ಎಂದು ಬಾಗಿಲು ಹಾಕಿದರು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ, ಸುಳ್ಳು ಯಾಕೆ ಹೇಳಲಿ.

ಬಾಗಿಲು ತೆರೆದ ಮೇಲೆ ಎಲ್ಲರೂ ಚಾವಡಿಯಲ್ಲಿ ಸಾಲಾಗಿ ಕೂತರು. ಅತ್ತೆಯ ಎಲೆಯ ಚಟ್ನಿಯನ್ನು ಬಟ್ಟಲಿಗೆ ತೆಗೆದು ನಾದಿನಿಯ ಎಲೆಗೆ ನಾನೇ ಬಡಿಸಿದೆ. ಅವಳು ಕಣ್ಣು ಮುಚ್ಚಿ ಬಾಯಿಗಿಟ್ಟಳು, ನುಂಗಿದಳು. ನಾನು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಅತ್ತೆಗೆ ಎರಡನೇ ಸಲವೂ ಬೇಕಾಗುತ್ತಿತ್ತು" ಎಂದು ಮತ್ತೊಮ್ಮೆ ಬಡಿಸಿದೆ.