ತುದಿ ಕತ್ತರಿಸದೆ ಸೇರಿಸಿದ ಕಾಲಂ

ನನ್ನ ಗಂಡ ತೀರಿಕೊಳ್ಳುವ ಹಿಂದಿನ ದಿನ ಬೆಳಿಗ್ಗೆಯೂ ಹತ್ತು ಸೂಜಿಗೆ ದಾರ ಪೋಣಿಸಿಟ್ಟೇ ಕೆಲಸಕ್ಕೆ ಹೋದರು. ನಾನು ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಕಣ್ಣು ಮಂಜು.

ಅವರಿದ್ದದ್ದು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ನೀರಿನಲ್ಲಿ ಯಾವ ವಿಷ ಎಷ್ಟಿದೆ ಅಂತ ಹೇಳುವ ದೊಡ್ಡ ಯಂತ್ರ ಅಲ್ಲಿದೆ. ಅದಕ್ಕೊಂದು ಗಾಜಿನ ಕೊಳವೆ, ಕಾಲಂ ಅಂತಾರೆ. ಮೂವತ್ತು ಮೀಟರ್ ಉದ್ದ, ದಾರದಷ್ಟು ಸಣ್ಣ. ನೀರಿನಲ್ಲಿ ಬೆರೆತಿದ್ದೆಲ್ಲ ಅದರೊಳಗೆ ಬಿಡಿಬಿಡಿಯಾಗಿ ಒಂದರ ಹಿಂದೊಂದು ಯಂತ್ರಕ್ಕೆ ಹೋಗುತ್ತದೆ. ಅದನ್ನು ಆರಿಸುವುದು, ಸಿದ್ಧಮಾಡುವುದು ಇವರ ಕೆಲಸ. ಇಪ್ಪತ್ತಾರು ವರ್ಷ ಅದೇ ಮಾತು ಕೇಳಿ ಕೇಳಿ, ಏಳನೇ ಕ್ಲಾಸು ದಾಟದ ನನಗೂ ಬಾಯಿಪಾಠ.

ಆ ಸಂಜೆ ಬಂದು, "ಹೊಸ ಕಾಲಂ ಆರಿಸೋಕೆ ವಾರ ಹಿಡೀತು ಕಣೇ. ಒಳಗಿನ ಲೇಪ ಕಾಯಿಸಿದಾಗ ಉದುರಬಾರದು. ಉದುರಿದ್ರೆ ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೆ," ಅಂದರು.

"ನನ್ನ ನೋಡೋಕೆ ಬಂದಾಗ ಕಾಲು ಗಂಟೇಲಿ ಒಪ್ಪಿದ್ರಲ್ಲ."

"ನಿನ್ನನ್ನ ನೋಡಿದ್ರೇ ಗೊತ್ತಾಗ್ತಿತ್ತು. ಎಷ್ಟು ಕಾಯಿಸಿದ್ರೂ ಉದುರೋ ಪೈಕಿ ಅಲ್ಲ."

ಕಾಲಂ ಒಳಗೆ ಗ್ಯಾಸ್ ಹಾಯಿಸಿ, ಲ್ಯಾಬಿನ ಒಲೆಯಲ್ಲಿ ಕಾಯಲು ಇಟ್ಟು ಬಂದಿದ್ದರು. ಹೊಸದರ ಕೊಳೆಯೆಲ್ಲ ಹೊರಗೆ ಹೋಗಲಿ ಅಂತ ಯಂತ್ರಕ್ಕೆ ಸೇರಬೇಕಾದ ತುದಿ ಬಿಚ್ಚಿಯೇ ಇತ್ತು. ನಾಳೆ ಸೇರಿಸಬೇಕು ಅಂದರು.

ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಲು ಬಗ್ಗಿದವರು ಏಳಲಿಲ್ಲ. ಹತ್ತೂ ಸೂಜಿಗೆ ದಾರ ಹಾಕಿಯಾಗಿತ್ತು.

ಹದಿನೈದು ದಿನಕ್ಕೆ ಅವರ ಜೊತೆ ಕೆಲಸ ಮಾಡುತ್ತಿದ್ದವನು ಲ್ಯಾಬಿನಲ್ಲಿದ್ದ ಅವರ ಸಾಮಾನಿನ ಪೆಟ್ಟಿಗೆ ತಂದುಕೊಟ್ಟ. ನನಗೆ ಮೈದುನ ಇದ್ದ ಹಾಗೆ. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಏನಪ್ಪಾ?"

"ಹೇಗೆ ಹೇಳೋದು ಅತ್ತಿಗೆ. ಅವರು ಸಿದ್ಧ ಮಾಡಿದ ಕಾಲಂ ಬರೀ ಕೊಳೆ ತೋರಿಸ್ತಿದೆ. ಅವರ ಕೈ ತಪ್ಪಿದೆ ಅಂತ ಸಾಹೇಬರು ಬರೆದಿಟ್ಟಿದಾರೆ. ನಾಳೆ ಮೇಲಕ್ಕೆ ಕಳಿಸ್ತಾರೆ."

ಅವರು ಹೋದಾಗ ಅತ್ತಿದ್ದೆ. ಇದಕ್ಕೆ ಸಿಟ್ಟು ಬಂತು. ಅವರ ಹೆಸರಿನ ಮುಂದೆ ಕೊನೆಗೆ ಉಳಿಯುವ ಮಾತು ಅದಾಗಬಾರದು.

"ಯಂತ್ರಕ್ಕೆ ಸೇರಿಸಿದ್ದು ಯಾರು?"

"ನಾನೇ."

"ಕಾಯಿಸಿದ ಮೇಲೆ ತುದಿ ಕತ್ತರಿಸಿದ್ಯಾ?"

"ಇಲ್ಲ. ಹಾಗೇ ಸೇರಿಸಿದೆ."

"ಕೊಳೆಯೆಲ್ಲ ಬಂದು ಕೂರೋದೇ ಆ ತುದೀಲಿ. ಅವರಾದ್ರೆ ಗೇಣುದ್ದ ಕತ್ತರಿಸಿ ಬಿಸಾಡಿ, ಭೂತಗನ್ನಡೀಲಿ ನೋಡಿ, ನೆಟ್ಟಗಿದ್ರೆ ಮಾತ್ರ ಸೇರಿಸ್ತಿದ್ರು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನೊಣ ಹೊಡೀತಿದ್ಯಾ?"

"ಯಾವಾಗ್ಲೂ ಅವರೇ ಸೇರಿಸೋರು, ಅತ್ತಿಗೆ."

ಮರುದಿನ ಮಧ್ಯಾಹ್ನ ಫೋನ್ ಮಾಡಿದ. ಕತ್ತರಿಸಿ ಸೇರಿಸಿದ್ದ. ಈಗ ಕೊಳೆ ಇಲ್ಲ, ಯಂತ್ರದ ಪರದೆ ಮೇಲಿನ ಗೆರೆ ಚಾಪೆ ಹಾಸಿದ ಹಾಗೆ ಮಲಗಿದೆ ಅಂದ. ಬರೆದಿಟ್ಟಿದ್ದನ್ನು ಸಾಹೇಬರು ಹರಿದು ಹಾಕಿದರಂತೆ.

ಪೆಟ್ಟಿಗೆಯಲ್ಲಿ ಅವರ ಭೂತಗನ್ನಡಿ ಇತ್ತು. ಈಗ ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ಕೂತು ದಾರದ ತುದಿ ಕತ್ತರಿಸುತ್ತೇನೆ. ಗಾಜಿನಲ್ಲಿ ನೋಡುತ್ತೇನೆ. ನೆಟ್ಟಗಿಲ್ಲದಿದ್ದರೆ ಮತ್ತೆ ಕತ್ತರಿಸುತ್ತೇನೆ. ಹತ್ತು ಸೂಜಿಗೆ ಅರ್ಧ ಗಂಟೆ ಹಿಡಿಯುತ್ತದೆ. ಅವರಿಗೆ ಐದು ನಿಮಿಷ ಸಾಕಿತ್ತು.